ಕುರಿ ತಂದವನು

"ಅಲ್ಲೇ ನಿಲ್ಲಿ! ಒಂದು ಹೆಜ್ಜೆ ಒಳಗಿಟ್ಟರೂ ಈ ಊರುಗೋಲು ನಿಮ್ಮ ತಲೆ ಮೇಲಿರುತ್ತೆ!"

ಹಾಸಿಗೆಯಲ್ಲಿದ್ದ ಕುನ್ಸುಲು ಕೂಗಿದ ರಭಸಕ್ಕೆ, ಬಾಗಿಲಲ್ಲಿದ್ದವನ ಕೈಯ ಸಾರಿನ ಪಾತ್ರೆ ತುಳುಕಿತು.

ಎರ್ದೆನ್ ಅಂತೆ ಅವನ ಹೆಸರು. ಬಿಸಿಲಿಗೆ ಕಂದಿದ ಮುಖ, ಮೆತ್ತಗಿನ ಕಣ್ಣು. ನೋಡಿದರೆ ನೊಣ ಹೊಡೆಯುವವನ ಹಾಗೂ ಕಾಣುತ್ತಿರಲಿಲ್ಲ. ಆದರೆ ಕೆಗೆನ್ ರಸ್ತೆಯಲ್ಲಿ ತನಗೆ ಕಾರು ಗುದ್ದಿಸಿ ಓಡಿಹೋದವನು ಇವನೇ ಅಲ್ಲವೇ!

"ಬಾಯ್ಮುಚ್ಚೇ!" ಅಜ್ಜಿ ಬಿಬಿಜಾರ್ ಮೊಮ್ಮಗಳನ್ನು ಗದರಿದಳು. "ಬಾ ಮಗಾ, ಕೂತ್ಕೋ. ಟೀ ಕುಡಿ."

ಅಜ್ಜಿಯ ನ್ಯಾಯ ಹಳೆಯದು. ನೋವು ಮಾಡಿದವನು ಕುರಿ ತಂದು ಬಾಗಿಲಲ್ಲಿ ತಲೆ ತಗ್ಗಿಸಿದರೆ, ಮನೆಯ ಹಿರಿಯರು ರೊಟ್ಟಿ ಮುರಿದು ಕೊಡಬೇಕು. ಅಲ್ಲಿಗೆ ಮುಗಿಯಿತು. ಆಮೇಲೂ ಅವನ ಮುಖಕ್ಕೆ ಆ ಮಾತೆತ್ತುವವರು ಮನುಷ್ಯರೇ ಅಲ್ಲ.

ಕುನ್ಸುಲು ಆಸ್ಪತ್ರೆಯಲ್ಲಿದ್ದಾಗಲೇ ಎರ್ದೆನ್ ಕುರಿಯೊಂದಿಗೆ ಬಂದು ತಲೆ ತಗ್ಗಿಸಿದ್ದ. ಅಜ್ಜಿ ಏನೂ ಕೇಳದೆ ರೊಟ್ಟಿ ಮುರಿದಿದ್ದಳು. ಠಾಣೆಗೂ ಹೋಗಿ, "ಹುಡುಗ ಸಿಕ್ಕಿದ, ರಾಜಿ ಆಯ್ತು" ಎಂದು ಹೇಳಿ ಬಂದಿದ್ದಳು.

ಅಜ್ಜಿ ಕ್ಷಮಿಸಿದ ಮೇಲೆ ಮೊಮ್ಮಗಳು ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಕಾಯಿತು.

ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ. ಸೌದೆ ಒಡೆದ, ನೀರು ತಂದ, ಕಿಟಕಿಯ ಮುರಿದ ಚಿಲಕ ಸರಿಮಾಡಿದ. ಮಾತು ಮಾತ್ರ ಕಡಿಮೆ.

ಒಂದು ದಿನ ಅವನು ಬರಲಿಲ್ಲ. ಕುನ್ಸುಲು ಸಂಜೆಯವರೆಗೂ ಕಿಟಕಿಯತ್ತಲೇ ನೋಡುತ್ತಿದ್ದಳು.

'ಛೀ... ನನ್ನ ಕಾಲು ಮುರಿದವನಿಗಾಗಿ ಕಾಯುತ್ತಿದ್ದೇನೆಯೇ!' ತನ್ನ ಮೇಲೆ ತನಗೇ ಸಿಟ್ಟು ಬಂದು ಅತ್ತುಬಿಟ್ಟಳು.

ಮರುದಿನವೇ ಪರಿಹಾರ ನಿಧಿಯವರ ಫೋನ್ ಬಂತು. ಗುದ್ದಿದವನು ಪತ್ತೆಯಾಗದಿದ್ದರೆ ಗಾಯಾಳುವಿಗೆ ಆ ನಿಧಿಯಿಂದ ಹಣ ಸಿಗುತ್ತದೆ. ಎರಡನೇ ಆಪರೇಷನ್‌ಗೆ ಕುನ್ಸುಲು ಅದನ್ನೇ ನಂಬಿದ್ದಳು. ಅದಾಗದಿದ್ದರೆ ಮೊಣಕಾಲು ಮಡಚುವುದಿಲ್ಲ. ಉಣ್ಣೆ ತುಳಿದು ಜಮಖಾನ ಮಾಡುವ ಅವಳ ಕೆಲಸ ಅಲ್ಲಿಗೇ ಕೊನೆ.

"ನಿಮಗೆ ಗುದ್ದಿದ ಚಾಲಕ ಸಿಕ್ಕಿ ರಾಜಿಯಾಗಿದೆ ಅಂತ ಪೊಲೀಸರು ತಿಳಿಸಿದಾರಮ್ಮ. ನಮ್ಮಿಂದ ಕೊಡೋಕಾಗಲ್ಲ."

ಅಷ್ಟರಲ್ಲಿ ಎರ್ದೆನ್ ಸಾರಿನ ಪಾತ್ರೆ ಹಿಡಿದು ಒಳಗೆ ಬಂದ.

"ಸಾಕು ನಿಮ್ಮ ಸಾರು!" ಕುನ್ಸುಲು ಸಿಡಿದಳು. "ನಿಮ್ಮ ಕಾರಿಗೆ ವಿಮೆ ಇದ್ದರೆ ಹೋಗಿ ತಪ್ಪು ಒಪ್ಪಿಕೊಳ್ಳಿ. ಅದರಿಂದಾದರೂ ನನ್ನ ಕಾಲು ಉಳೀಲಿ!"

"ಯಾವ ಕಾರು?"

"ನನಗೆ ಗುದ್ದಿದ ಕಾರು!"

ಎರ್ದೆನ್ ಪಾತ್ರೆ ಕೆಳಗಿಟ್ಟ.

"ನನಗೆ ಕಾರು ಓಡಿಸೋಕೇ ಬರಲ್ಲ... ಇರೋದೊಂದು ಕುದುರೆ. ನೀವು ಎಚ್ಚರ ತಪ್ಪಿ ಬಿದ್ದಿದ್ರಿ. ಆಂಬುಲೆನ್ಸ್ ಬರೋ ತಿರುವಿನವರೆಗೂ ಅದರ ಮೇಲೇ ಕರ್ಕೊಂಡು ಹೋದೆ."



"ಮತ್ತೆ ಆ ಕುರಿ?" ಅಜ್ಜಿಯ ದನಿ ಸಣ್ಣಗಾಯಿತು.

"ಮೂಳೆ ಕೂಡೋಕೆ ಸಾರು ಒಳ್ಳೇದು ಅಂತ ಅಮ್ಮ ಕಳಿಸಿದ್ಲು ಅಜ್ಜಿ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಹೆದರಿ ಕಾರು ಬಿಟ್ಟು ಕುದುರೆ ಹತ್ತಿದಾನೆ ಪಾಪ, ಅಂದ್ಕೊಂಡಿದ್ನಲ್ಲೋ!"

ಕುನ್ಸುಲುವಿಗೆ ನಗು ಬಂತು, ಅಳುವೂ ಬಂತು. ಎಷ್ಟು ಬೈದಿದ್ದೆ ಇವನನ್ನು...

"ಮತ್ತೆ ತಲೆ ಯಾಕೆ ತಗ್ಗಿಸಿದ್ರಿ?"

"ಧೂಳಲ್ಲಿ ಕಾರಿನ ನಂಬರ್ ಕಾಣಲಿಲ್ಲ. ಬೆನ್ನಟ್ಟಿ ಹೋಗ್ಲಾ, ನಿಮ್ಮನ್ನ ಎತ್ಕೊಳ್ಲಾ? ಅವನನ್ನ ಬಿಟ್ಟುಬಿಟ್ನಲ್ಲ ಅನ್ನೋ ನಾಚಿಕೆಗೆ ಬಂದೆ."

"ಆಮೇಲೂ ಅದಕ್ಕೇ ಬರ್ತಿದ್ರಾ?"

ಅವನ ಕಿವಿ ಕೆಂಪಾಯಿತು. "ಆಮೇಲೆ... ಅದಕ್ಕಲ್ಲ."

ಅಂದೇ ಅಜ್ಜಿ ಠಾಣೆಗೆ ಹೋಗಿ, ಇನ್‌ಸ್ಪೆಕ್ಟರ್ ಮುಂದೆ ಕೆನ್ನೆ ಬಡಿದುಕೊಂಡು, ರಾಜಿಯ ಮಾತು ವಾಪಸ್ ತೆಗೆದುಕೊಂಡಳು. ಎರ್ದೆನ್ ಸಾಕ್ಷಿ ಹೇಳಿದ. ಪೊಲೀಸರು ಹುಡುಕಿದರೂ ಆ ಕಾರು ಸಿಗಲಿಲ್ಲ. ನಿಧಿಯವರು ಸಾಕಷ್ಟು ಅಲೆಸಿದರು, ಕೊನೆಗೆ ಕೊಟ್ಟರು. ಆಪರೇಷನ್ ಆಯಿತು. ಮೊಣಕಾಲು ಮೊದಲ ಸಲ ಮಡಚಿದಾಗ ಕುನ್ಸುಲು ಅವನ ಕೈ ಹಿಡಿದು ಅತ್ತಳು. ಹಿಡಿದ ಕೈ ಬಿಡುವುದನ್ನು ಇಬ್ಬರೂ ಮರೆತರು.

ವಸಂತ ಬಂದಾಗ ಎರ್ದೆನ್ ತಾಯಿಯ ಜೊತೆ ಬಂದ. ಕೈಯಲ್ಲಿ ಮತ್ತೆ ಕುರಿ!

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ನಿಲ್ಲೋ ಅಲ್ಲೇ! ಈ ಸಲ ಟೀ ಕೊಡೋಕೆ ಮೊದಲೇ ಕೇಳ್ತೀನಿ. ಯಾಕೆ ಬಂದೆ?"

ಅವನ ತಾಯಿ ನಗುತ್ತಾ ಅಂಗೈ ಬಿಚ್ಚಿದಳು. ಒಂದು ಜೊತೆ ಬೆಳ್ಳಿಯ ಓಲೆ. ಸೊಸೆಯಾಗುವವಳ ಕಿವಿಗೆ ಅತ್ತೆ ತೊಡಿಸುವಂಥದ್ದು.

ಕುನ್ಸುಲು ಊರುಗೋಲಿಲ್ಲದೆ ಬಾಗಿಲವರೆಗೂ ನಡೆದು ಬಂದು, ತಲೆ ಬಗ್ಗಿಸಿ, ಕಿವಿಯ ಮೇಲಿನ ಕೂದಲು ಸರಿಸಿದಳು.

ಸಂಜೆ ಅಂಗಳದಲ್ಲಿ ಕುದುರೆಯ ಕೊರಳು ಸವರುತ್ತಾ ಮೆಲ್ಲಗೆ ಹೇಳಿದಳು. "ಅವತ್ತು ಇದರ ಮೇಲೆ ಕರ್ಕೊಂಡು ಹೋದೆಯಲ್ಲ... ನಂಗೆ ಒಂಚೂರೂ ನೆನಪಿಲ್ಲ ಕಣೋ."

"ಇನ್ನೊಂದ್ಸಲ ಹೋಗೋಣ್ವಾ?"

"ನಿಧಾನವಾಗಿ ಹೋಗೋದಾದ್ರೆ. ಈ ಸಲ ಎಚ್ಚರವಾಗಿರ್ತೀನಿ."