ಕೊಕ್ಕರೆಗಳನ್ನು ಕರೆದ ಬಾಚಯ್ಯ

ಬಹಳ ಹಿಂದೆ, ಮಂತ್ರವೂ ಮೆಣಸೂ ಒಂದೇ ಸಂತೆಯಲ್ಲಿ ಬಿಕರಿಯಾಗುತ್ತಿದ್ದ ಕಾಲದಲ್ಲಿ, ನವಿಲುಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಬಾಚಯ್ಯನೆಂಬ ಮೆಣಸಿನ ವ್ಯಾಪಾರಿ ಇದ್ದ. ಅವನ ಮಾತು ಉಗ್ಗುತ್ತಿತ್ತು. ಅವನು ಮದುವೆಯಾಗಬೇಕಿದ್ದ ಪದುಮಲೆಯನ್ನು ಒಬ್ಬ ಮಂತ್ರವಾದಿ ಕೊಕ್ಕರೆ ಮಾಡಿ ತನ್ನ ಹಿಂಡಿಗೆ ಸೇರಿಸಿಕೊಂಡ.

"ಹುಣ್ಣಿಮೆಯ ಸಂಜೆ ಹಿಂಡು ಕೆರೆಯ ಮೇಲೆ ಬರುತ್ತದೆ," ಎಂದ ಮಂತ್ರವಾದಿ. "ನೀನೇ ಹೆಸರು ಹಿಡಿದು ಕರೆದರೆ ಹಕ್ಕಿ ಮನುಷ್ಯರೂಪಕ್ಕೆ ಬರುತ್ತದೆ. ಮೂರನೆಯ ಹುಣ್ಣಿಮೆ ದಾಟಿದರೆ ಹಿಂಡು ಮತ್ತೆಂದೂ ಇತ್ತ ಸುಳಿಯುವುದಿಲ್ಲ. ಕೀಲಿಯನ್ನು ಉಗ್ಗನ ಬಾಯಲ್ಲಿಟ್ಟರೆ ಬೀಗ ಹಾಕಿದವನಿಗೆ ಚಿಂತೆಯಿಲ್ಲ ನೋಡು."

ಮೊದಲ ಹುಣ್ಣಿಮೆ ಬಂತು. "ಪ... ಪ..." ತುಟಿ ಕಚ್ಚಿಕೊಂಡಿತು. ಹಿಂಡು ದಾಟಿಹೋಯಿತು.

ಎರಡನೆಯ ಹುಣ್ಣಿಮೆಗೆ ಬಾಚಯ್ಯ ಹಳೆಯ ಉಪಾಯ ಹೂಡಿದ. ಬಾರದ ಮಾತು ಬಿಟ್ಟು ಬರುವ ಮಾತು ಆಡುವುದು ಅವನ ರೂಢಿ. ಪಲ್ಯ ಬೇಕಿದ್ದಾಗ ಸಾರು ಕೇಳಿ ಉಂಡವನು. ಪದುಮವೂ ಕಮಲವೂ ಒಂದೇ ಹೂವಲ್ಲವೇ ಎಂದುಕೊಂಡು "ಕಮಲೇ" ಎಂದು ಸರಾಗವಾಗಿ ಕೂಗಿದ. ಮುದಿ ಕೊಕ್ಕರೆಯೊಂದು ಇಳಿದು ಅಜ್ಜಿಯಾಗಿ ನಿಂತಿತು.

"ಯಾಕಪ್ಪಾ, ನನ್ನ ಮೇಲೆ ಮನಸ್ಸೇ?" ಎಂದಳು ಕಮಲಜ್ಜಿ.

ಬಾಚಯ್ಯ ಅತ್ತುಬಿಟ್ಟ. ಅಜ್ಜಿ ಹಿಂದೆ ಅರಮನೆಯಲ್ಲಿ ಉಗ್ಗುವವರಿಗೆ ಮಾತು ಕಲಿಸುತ್ತಿದ್ದವಳು.

"ಉಗ್ಗು ಪೂರಾ ಹೋಗುತ್ತದೆಂದು ಸುಳ್ಳು ಹೇಳೋದಿಲ್ಲ," ಎಂದಳು. "ಹೆದರಿಕೆ ಹೋದೀತು. ತುಟಿ ಬಿಗಿಯಬೇಡ. ಮೊದಲು ಉಸಿರು ಬಿಡು, ಅದರ ಬೆನ್ನಿಗೆ ಮೆಲ್ಲಗೆ ಮಾತು ತೆಗೆ. ಸಿಕ್ಕಿಕೊಂಡರೆ ಬೇರೆ ಮಾತಿಗೆ ಓಡಬೇಡ."

ಮೊದಲು ಅವಳೆದುರು, ಆಮೇಲೆ ಸಂತೆಯಲ್ಲಿ, ಬಾಚಯ್ಯ ಕಷ್ಟದ ಮಾತುಗಳನ್ನೇ ಹುಡುಕಿ ಆಡಿದ. ಜನ ನಕ್ಕರು.

"ನಗಲಿ ಬಿಡು. ಮೂಟೆ ಬಿಚ್ಚದೆ ವ್ಯಾಪಾರ ಆಗೋದುಂಟೇ?" ಎಂದಳು ಅಜ್ಜಿ.

ಸಂಜೆಯಾದರೆ ಅವನು ಕೆರೆಯ ಏರಿಯ ಮೇಲೆ ಕೂತು ಬರಿದಾದ ಆಕಾಶ ನೋಡುತ್ತಿದ್ದ. ಇಷ್ಟು ವರ್ಷ ಹಂಬಲಿಸಿದವಳನ್ನು ಅವನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ.

ಮೂರನೆಯ ಹುಣ್ಣಿಮೆಗೆ ಹಿಂಡು ಬಂತು. "ಪ... ಪ..." ಮಾತು ನಿಂತಿತು.

"ಬೇರೆ ಹೆಸರು ಹುಡುಕೋ ಉಗ್ಗಾ," ಎಂದು ಮಂತ್ರವಾದಿ ನಕ್ಕ.

ಬಾಚಯ್ಯ ಹುಡುಕಲಿಲ್ಲ. ತುಟಿ ಸಡಿಲಿಸಿದ, ಉಸಿರು ಬಿಟ್ಟ. ಮೇಲೆ ಒಂದು ಕೊಕ್ಕರೆ ಹಿಂಡು ಬಿಟ್ಟು ಅಲ್ಲೇ ಸುತ್ತತೊಡಗಿತು.

"ಪ... ಪ... ಪದುಮಲೆ."

ಅವಳು ಇಳಿದು ಬಂದಳು. ಅಜ್ಜಿ ಉಳಿದವರ ಹೆಸರು ಹೇಳಿಕೊಟ್ಟಳು. ಬಾಚಯ್ಯ ಉಗ್ಗುತ್ತಲೇ ಎಲ್ಲರನ್ನೂ ಕರೆದ. ಹಿಂಡು ಖಾಲಿಯಾದಂತೆ ಮಂತ್ರವಾದಿ ಒಣಗಿ ಒಣಗಿ ಗರಿಯಾದ, ಗಾಳಿಗೆ ಹಾರಿಹೋದ.

ಮದುವೆಯಾಯಿತು, ರಾಜ್ಯಕ್ಕೆಲ್ಲ ಊಟವಾಯಿತು, ಎಲ್ಲರೂ ಸುಖವಾಗಿದ್ದರು. "ಇನ್ನೊಮ್ಮೆ ಕರಿ," ಎನ್ನುತ್ತಿದ್ದಳು ಪದುಮಲೆ. ಅವನು ಸಿಕ್ಕಿಕೊಂಡಾಗ ಅವಳು ತಾನೇ ಮಾತು ಪೂರ್ತಿಮಾಡುತ್ತಿರಲಿಲ್ಲ, ಕಾಯುತ್ತಿದ್ದಳು.