ಚಪ್ಪಲಿ ಬಿಟ್ಟು ಒಳಬಂದ ಕಳ್ಳ

ಈ ಬೀದಿಯಲ್ಲಿ ನನಗೆ ತಿಳಿಯದಂತೆ ಒಂದು ಇರುವೆ ಕೂಡ ಇನ್ನೊಂದು ಇರುವೆಗೆ ಮನಸ್ಸು ಕೊಟ್ಟಿಲ್ಲ. ಹಾಗಿರುವಾಗ, ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ನನ್ನ ಅಣ್ಣನ ಮಗಳ ಪ್ರೇಮ ನನ್ನಿಂದ ತಪ್ಪಿಸಿಕೊಂಡೀತೇ?

ಅಂದು ಮಧ್ಯಾಹ್ನ ಮುಗಿಲು ಮುಟ್ಟುವ ಬಟ್ಟೆರಾಶಿಯ ಹಿಂದೆ ಅವಳು ಕುಸಿದು ಕೂತಿದ್ದಳು. ನಿಂತೂ ನಿಂತೂ ಕಾಲು ಕಂಬವಾಗಿದ್ದವು. ಹಿಂಬಾಗಿಲಿನಿಂದ ಒಬ್ಬ ನುಸುಳಿದ. ಅವಳು ಕೂಗಲಿಲ್ಲ. ಕೂಗುವುದಕ್ಕೂ ಕಸುವು ಬೇಕಲ್ಲ...

ಕಳ್ಳನೇ ಸರಿ. ಆದರೆ ಚಪ್ಪಲಿಯನ್ನು ಹೊಸ್ತಿಲಾಚೆ ಜೋಡಿಸಿಟ್ಟು ಬಂದಿದ್ದ!

"ಕದಿಯೋಕೆ ಬಂದೋನು ಚಪ್ಪಲಿ ಯಾಕಪ್ಪಾ ಬಿಟ್ಟೆ?"

"ಅಮ್ಮ ಬೈತಾಳೆ..." ಎಂದವನು ತಲೆ ತಗ್ಗಿಸಿದ. ಬೈಯುವ ಅಮ್ಮ ಈಗಿರಲಿಲ್ಲ.

ಅಂಗೈಯಲ್ಲಿಟ್ಟು ಬೆಳೆಸಿದ ಮಗನಂತೆ. ಅಪ್ಪ, ಅಮ್ಮ ಒಬ್ಬರ ಹಿಂದೊಬ್ಬರು ಹೋದರು. ಚಿಕ್ಕಪ್ಪ ಮನೆಗೆ ಬೀಗ ಜಡಿದ. ಅನ್ನ ಹಾಕಿದವನು ಕಳ್ಳರ ಗುಂಪಿನ ನಾಯಕನೊಬ್ಬನೇ; ಎಲ್ಲರೂ ಅವನನ್ನು 'ಅಣ್ಣ' ಎನ್ನುತ್ತಿದ್ದರು. ಈಗ ಆ 'ಅಣ್ಣ'ನ ಕಣ್ಣು ಅಂಗಡಿಯ ರೇಷ್ಮೆ ಬಟ್ಟೆಗಳ ಮೇಲೆ.

ಅವಳು ಇಸ್ತ್ರಿಪೆಟ್ಟಿಗೆ ಅವನ ಕೈಗಿತ್ತಳು. "ಆ ಅಂಗಿ ಮುಗಿಸು, ನಾನೊಂದು ಗಳಿಗೆ ಕಣ್ಣು ಮುಚ್ತೀನಿ. ಕದಿಯೋದಿದ್ರೆ ಆಮೇಲೆ ಕದಿ."

ಎಚ್ಚರವಾದಾಗ ರೇಷ್ಮೆ ಅಲ್ಲೇ ಇತ್ತು. ಅಂಗಿಯ ಎದೆ ಸುಟ್ಟಿತ್ತು. ಅವನು ಅಳುಮುಖ ಮಾಡಿ ನಿಂತಿದ್ದ. ಎಷ್ಟೋ ಕಾಲದ ಮೇಲೆ ಅವಳು ನಕ್ಕಳು.

ಅಂದಿನಿಂದ ಅವನು ದಿನವೂ ಇಸ್ತ್ರಿ ಮಾಡಲು ಬಂದ. ಅವಳಿಗೆ ಕಾಲುನೋವು ಮರೆತುಹೋಗತೊಡಗಿತು.

ಒಂದು ಬೆಳಿಗ್ಗೆ ರೇಷ್ಮೆಯೂ ಇಲ್ಲ, ಅವನೂ ಇಲ್ಲ. ಬಟ್ಟೆ ಬರದಿದ್ದರೆ ನಿನ್ನ ಕೆಲಸ ಹೋಯಿತೆಂದುಕೋ ಎಂದ ಮಾಲೀಕ. 'ಬೇಲಿಯೇ ಎದ್ದು ಹೊಲ ಮೇಯಿತಲ್ಲ...' ಎಂದುಕೊಂಡಳು. ಅಳಲೂ ದಣಿವು.

ಆಗ ಬಂದ ನೋಡಿ ನಮ್ಮ ಹುಡುಗ! ಇಡೀ ಗುಂಪನ್ನು ಒಂದೇ ಕೈಯಲ್ಲಿ ಬಡಿದು, ಗಂಟು ಹೊತ್ತು ತಂದು ಅವಳ ಪಾದದ ಬಳಿ ಇಟ್ಟ. ಬೀದಿಗೆ ಬೀದಿಯೇ ಅತ್ತು ಚರಂಡಿ ತುಂಬಿತು...

ಇಷ್ಟು ಫೋನಿನಲ್ಲಿ ಬರೆಯುವಷ್ಟರಲ್ಲಿ ಹೆಗಲ ಹಿಂದಿನಿಂದ ದನಿ ಬಂತು.

"ಅತ್ತೆ, ಅವತ್ತು ನೀನು ಮನೇಲಿ ಗೊರಕೆ ಹೊಡೀತಿದ್ದೆ. ಯಾವ ಹೊಡೆದಾಟ ನೋಡಿದೆ?"

ಸಿಕ್ಕಿಬಿದ್ದೆ. ಹೊಡೆದಾಟ ನಡೆಯಲೇ ಇಲ್ಲ. ಗುಂಪಿನ 'ಅಣ್ಣ'ನ ಬೆದರಿಕೆಗೆ ಹೆದರಿ ಹುಡುಗನೇ ರಾತ್ರಿ ಅಂಗಡಿಯ ಹಿಂಬಾಗಿಲ ಚಿಲಕ ತೆಗೆದಿಟ್ಟಿದ್ದ. ಬೆಳಗಾಗುತ್ತಲೇ ತಾಳಲಾರದೆ ಠಾಣೆಗೆ ನಡೆದು, ತನ್ನನ್ನೂ ಸೇರಿಸಿ ಎಲ್ಲರ ಹೆಸರು ಹೇಳಿದ. ಗಂಟು ತಂದವನು ಪೊಲೀಸಿನವನು. ಇವಳ ಕೆಲಸ ಉಳಿಯಿತು. ಅವನು ಜೈಲಿಗೆ ಹೋದ.

ಶಿಕ್ಷೆ ಮುಗಿಸಿ ಬಂದಾಗ ಮೂಳೆ ಚಕ್ಕಳವಾಗಿದ್ದ.

"ಚಿಲಕ ನಾನೇ ತೆಗೆದಿದ್ದು."

"ಗೊತ್ತು."

"ಆದ್ರೂ ಕಾದ್ಯಾ?"

"ಕಾಯೋಕೆ ಎಲ್ಲಿ ಪುರುಸೊತ್ತು? ಕೆಲಸ ಮಾಡ್ತಿದ್ದೆ. ನೀನು ಬರ್ಲಿಲ್ಲ, ಬರ್ಲಿಲ್ಲ ಅಂತ ಅನ್ನಿಸ್ತಾನೇ ಇತ್ತು, ಅಷ್ಟೇ."

"ಸುಸ್ತಾಗಿದೀಯಾ?"

"ಹೂಂ. ನೀನು?"

"ನಾನೂ."

ಅವಳು ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.