ಹಿಂದಿನ ಸೀಟಿನ ಮುಖ

"ಒಯ್ಯಿ ಯಪ್ಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಹಿಂದಿನ ಸೀಟಿನ್ಯಾಗ ಯಾರ ಮಖಾನೂ ಹಚ್ಚಬ್ಯಾಡ," ಎಂದಳು ಇಮಾಮ್ ಬೀ.

ಬುರ್ಹಾನುದ್ದೀನ್ ಗಹಗಹಿಸಿ ನಕ್ಕ. "ಕಾಗದಕ್ಕ ಹೆದರಿದ್ರ ನನ್ನ ಕಸುಬು ನಡೀತದೇನ್ ಯವ್ವಾ?"

ಅದು 1977ರ ಬೇಸಿಗೆ. ಗಬ್ಬೂರಿನಲ್ಲಿ ನಿಜಾಮರ ಕಾಲದ ಸಾಹೇಬನೊಬ್ಬನ ಬಂಗಲೆಯ ಸಾಮಾನು ಮಾರಾಟಕ್ಕಿತ್ತು. ಇಮಾಮ್ ಬೀ ಆ ಬಂಗಲೆಯ ಕಸ ಗುಡಿಸುತ್ತಲೇ ಮುದುಕಿಯಾದವಳು. ಬುರ್ಹಾನುದ್ದೀನ್ ಗುಲ್ಬರ್ಗಾದಿಂದ ಬಂದು ರಾಯಚೂರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ತೆರೆದು ಇನ್ನೂ ಆರು ತಿಂಗಳು.

ಅವನಿಗೆ ಹಿಡಿಸಿದ್ದು ದಪ್ಪ ಕಾಗದದ ಒಂದು ವಿಲಾಯತಿ ಚಿತ್ರ. ಕೆಳಗೆ ಕಲಾವಿದನ ಪೆನ್ಸಿಲ್ ಸಹಿ. ಮೊದಲ ಮಹಾಯುದ್ಧದ ಕಾಲದ, ಇಂಜಿನ್ನಿಗೆ ಔಡಲೆಣ್ಣೆ ಹಾಕುತ್ತಿದ್ದ, ಒಂದರ ಮೇಲೊಂದು ರೆಕ್ಕೆಯ ವಿಮಾನ ಹೊತ್ತಿ ಉರಿಯುತ್ತಿದೆ. ಮುಂದೆ ಕೂತ ಪೈಲಟ್ ಮೈ ಹೊರಗೆ ಬಾಗಿಸಿ, ಉರಿ ಹಿಂದಿನವನಿಗೆ ತಾಗದಂತೆ ವಿಮಾನವನ್ನು ಓರೆಯಾಗಿ ಇಳಿಸುತ್ತಿದ್ದಾನೆ. ಹಿಂದಿನ ಸೈನಿಕನ ಮುಖವನ್ನು ಮಾತ್ರ ಯಾರೋ ಕೆರೆದು ತೆಗೆದಿದ್ದರು. ಅಲ್ಲಿ ಬರೀ ಬಿಳಿ ಕಲೆ.

ಮುಖ ಅಂಟಿಸುವುದರಲ್ಲಿ ಬುರ್ಹಾನುದ್ದೀನನದು ಎತ್ತಿದ ಕೈ. ಸತ್ತ ಗಂಡನನ್ನು ಹೆಂಡತಿಯ ಪಕ್ಕಕ್ಕೆ ಕೂರಿಸುವುದು, ದುಬೈಗೆ ಹೋದ ಮಗನನ್ನು ತಂಗಿಯ ಮದುವೆ ಫೋಟೋದಲ್ಲಿ ನಿಲ್ಲಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಉಗುರಿನಿಂದ ಸವರಿದರೂ ಜೋಡಿಸಿದ ಅಂಚು ಸಿಗುತ್ತಿರಲಿಲ್ಲ. ಮನೆಯಲ್ಲಿ ಇಪ್ಪತ್ತರ ಮಗ ಖಾಜಾ ವಾಯುಸೇನೆಯ ಪರೀಕ್ಷೆ ಪಾಸಾಗಿ ಆರ್ಡರಿನ ದಾರಿ ಕಾಯುತ್ತಿದ್ದ. ಇನ್ನು ತಡೆಯುವುದುಂಟೆ? ಮಗನ ಫೋಟೋದಿಂದ ಮುಖ ಕತ್ತರಿಸಿ, ಮೈದಾ ಅಂಟು ಸವರಿ, ಆ ಬಿಳಿ ಕಲೆಯ ಮೇಲೆ ಕೂರಿಸಿಯೇಬಿಟ್ಟ. ಗಾಜು ಹಾಕಿ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಪಾಪ, ಹೆತ್ತವನ ಹೆಮ್ಮೆ.

ಸಂಜೆಯ ಹೊತ್ತಿಗೆ ಅಂಗಡಿ ತುಂಬ ಔಡಲೆಣ್ಣೆ ಸುಟ್ಟ ವಾಸನೆ. ಅಂಗಡಿಯ ಹಿಂದೆಯೇ ಮನೆ. ಒಲೆ ನೋಡಿದ, ತಣ್ಣಗಿತ್ತು. ಮರುದಿನ ಖಾಜಾನಿಗೆ ಜ್ವರ. ಡಾಕ್ಟರು ಮಲೇರಿಯಾ ಎಂದು ಸೂಜಿ ಚುಚ್ಚಿದರು, ಇಳಿಯಲಿಲ್ಲ. ಮೂರನೆಯ ದಿನ ನೆಲದ ಚಾಪೆಯ ಮೇಲೆ ಮಲಗಿದ್ದ ಹುಡುಗ ಎರಡೂ ಅಂಚು ಬಿಗಿಯಾಗಿ ಹಿಡಿದುಕೊಂಡ.

"ಅಬ್ಬಾ, ನನ್ನ ಇಳಸ್ರಿ. ಕೆಳಗ ನೆಲಾ ಕಾಣವಲ್ದು."

ಅವನ ಕೂದಲಿಂದಲೂ ಅದೇ ವಾಸನೆ. ಬುರ್ಹಾನುದ್ದೀನ್ ಅಂಗಡಿಗೆ ಓಡಿದ. ಚಿತ್ರದಲ್ಲಿ ಮಗನ ಗಲ್ಲದವರೆಗೆ ಮಸಿ ಏರಿತ್ತು. ಗಾಜು ಒರೆಸಿದ. ಮಸಿ ಒಳಗಿತ್ತು. ಗಾಜು ಕಿತ್ತೆಸೆದು ಮುಖದ ಅಂಚಿಗೆ ಬ್ಲೇಡು ತಾಗಿಸಿದ್ದೇ ತಡ, ಒಳಗಿನಿಂದ ಖಾಜಾ ಚೀರಿದ. ಓಡಿಹೋಗಿ ನೋಡಿದರೆ ಹುಡುಗನ ಕಿವಿಯ ಬುಡದಲ್ಲಿ ಬ್ಲೇಡಿನ ಗೀರು, ಹೆಂಡತಿ ಗುಲ್ಶನ್ ಬೇಗಂ ಸೆರಗಿನಿಂದ ರಕ್ತ ಒತ್ತಿ ಹಿಡಿದಿದ್ದಾಳೆ.

ಮೊದಲ ಬಸ್ಸಿಗೆ ಗಬ್ಬೂರು. ಇಮಾಮ್ ಬೀ ಅವನ ಮುಖ ನೋಡಿದವಳೇ ಹಣೆ ಬಡಿದುಕೊಂಡಳು.

"ಹಚ್ಚಿಬಿಟ್ಟಿ ಹೌದಿಲ್ಲೋ? ಕುಬ್ರಾ ಬೇಗಂ ಅಂತ ಈ ಬಂಗಲೇದಾಗ ಅಡಗಿ ಮಾಡಾಕಿ. ಸಾಹೇಬ ದಿನಾ ಆಕಿ ಮಗಗ ಈ ಚಿತ್ರಾ ತೋರಿಸಿ ಶೂರರ ಕತಿ ಹೇಳಿ ಹೇಳಿ ಲಡಾಯಿಗೆ ಕಳಿಸಿದ. ಹುಡುಗ ಬರ್ಮಾದಾಗ ಸುಟ್ಟು ಸತ್ತ. ಅಳಬ್ಯಾಡ, ನಿನ್ನ ಮಗ ಶೂರ ಅಂದ ಸಾಹೇಬ. ಆಕಿ ಮಲ್ಲಟದ ಊರಿನ ಮಾಟಗಾರನ ಕಡಿಂದ ಮಾಟಾ ಮಾಡಿಸಿ, ಸಾಹೇಬನ ಮಗನ ಮಖಾ ತಂದು ಅಲ್ಲಿ ಹಚ್ಚಿದ್ಲು. ಹನ್ನೊಂದು ದಿನಕ್ಕ ಆ ಕೂಸೂ ಹೋತು. ಹೋದಮ್ಯಾಲ ಮಖಾ ಕೆರದು ತಗದ್ಲು. ಮಾಟಾ ಬಿಚ್ಚಲಿಲ್ಲ."

"ದಾರಿ ಇಲ್ಲೇನ್ ಯವ್ವಾ?" ಅವನು ಕೈ ಮುಗಿದ.

"ಒಂದದ. ಮುಂದಿನ ಸೀಟಿಗೆ ಹಡದವರು ತಾವಾಗೇ ತಮ್ಮ ಮಖಾ ಕೊಡಬೇಕು. ಆಗ ಹಿಂದಿನಾಂವ ಇಳೀತಾನ. ಸಾಹೇಬನ ಹುಡುಗ ನರಳೂದು ನೋಡಲಾರದ ಕುಬ್ರಾನೇ ಹೋಗಿ ಸಾಹೇಬಗ ಹೇಳಿದ್ಲು. ಶೂರರ ಕತಿ ಹೇಳಾಂವ, ಕೊಡಲಿಲ್ಲ."

"ಕೊಟ್ರ ಏನಾಗ್ತದ?"

"ಯಾರಿಗೆ ಗೊತ್ತು ಯಪ್ಪಾ. ಇಲ್ಲೀತನಾ ಯಾರೂ ಕೊಟ್ಟಿಲ್ಲ."

ಜೀವ ಹೋಗುತ್ತದೆ ಎಂದುಕೊಂಡ ಬುರ್ಹಾನುದ್ದೀನ್. ಹೋಗಲಿ ಎಂದುಕೊಂಡ. ಮಧ್ಯಾಹ್ನ ಊರು ಸೇರಿ ಅಂಗಡಿಯ ಕೀಲಿಯನ್ನು ಗುಲ್ಶನ್ ಬೇಗಂ ಕೈಗಿಟ್ಟ. ಅವಳು ಕೀಲಿ ಹಿಡಿದು ಅತ್ತಳು. ನಮಾಜಿಗೆ ಮುಂಚಿನಂತೆ ಕೈಕಾಲು ಮುಖ ತೊಳೆದು ವುಜೂ ಮಾಡಿ ಬಂದು ಅಂಗಡಿಯ ಬಾಗಿಲು ಹಾಕಿಕೊಂಡ. ಕರೆಂಟು ಹೋಗಿತ್ತು. ಊರಿಗೆಲ್ಲ ಮುಖ ಅಂಟಿಸಿದವನ ಫೋಟೋ ಅವನ ಮನೆಯಲ್ಲಿದ್ದದ್ದು ಒಂದೇ. ಎರಡು ವರ್ಷದ ಖಾಜಾನನ್ನು ತೊಡೆಯ ಮೇಲೆ ಕೂರಿಸಿಕೊಂಡು ತೆಗೆಸಿದ್ದು. ಅದರಿಂದ ತನ್ನ ಮುಖವನ್ನು ಕತ್ತರಿಸಿದ.

ಕತ್ತಲು. ಮೈದಾ ಅಂಟಿನ ಹುಳಿ ವಾಸನೆ. ಅದರ ಮೇಲೆ ಸುಟ್ಟ ಎಣ್ಣೆ. ಗೋಡೆಯ ಮೇಲೆ ಏನೋ ಗುಡುಗುಡು ಎನ್ನತೊಡಗಿತು. ಇಂಜಿನ್ನು. ಹತ್ತಿರ. ಇನ್ನೂ ಹತ್ತಿರ. ಕೆನ್ನೆಗೆ ಬಿಸಿ ಬಡಿಯಿತು. ಪೈಲಟ್‌ನ ಮುಖದ ಮೇಲೆ ತನ್ನ ಮುಖವಿಟ್ಟು ಹೆಬ್ಬೆರಳಿನಿಂದ ಒತ್ತಿದ. ಉರಿ. ಉಸಿರು ಕಟ್ಟಿತು. ಒತ್ತಿದ. ಬಿಡಲಿಲ್ಲ.

ಸದ್ದು ನಿಂತಿತು.

ಬದುಕಿದ್ದ. ಎದೆ ಮುಟ್ಟಿ ನೋಡಿಕೊಂಡ, ಬದುಕಿದ್ದ. ಚಿತ್ರದಲ್ಲಿ ಹಿಂದಿನ ಸೀಟು ಖಾಲಿ. ಎದ್ದುಬಿದ್ದು ಒಳಗೆ ಓಡಿದ. ಖಾಜಾನ ಹಣೆಯ ಮೇಲೆ ಬೆವರು ಮೂಡಿತ್ತು. ಚಾಪೆ ಬಿಟ್ಟು ಕೈ ಸಡಿಲಾಗಿದ್ದವು. ಕಣ್ಣು ಬಿಟ್ಟು ನೀರು ಕೇಳಿ ಕುಡಿದ. ಗುಲ್ಶನ್ ಬೇಗಂ ಅಳುತ್ತ ನಗುತ್ತಿದ್ದಳು. ಬುರ್ಹಾನುದ್ದೀನನಿಗೆ ಅಷ್ಟು ಸುಖ ಜೀವನದಲ್ಲೇ ಆಗಿರಲಿಲ್ಲ.

"ಬೇಟಾ," ಎಂದು ಕೈ ಚಾಚಿದ.

ಖಾಜಾ ಹಿಂದಕ್ಕೆ ಸರಿದ. ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅಮ್ಮಿ, ಯಾರಿವ್ರು?"

"ನಿನ್ನ ಅಬ್ಬಾ ಅಲ್ಲೇನೋ," ಎಂದಳು ಅವಳು, ನಗು ಇನ್ನೂ ಮುಖದಲ್ಲಿದ್ದಂತೆಯೇ.

ಹುಡುಗ ಅವನನ್ನು ಬಹಳ ಹೊತ್ತು ನೋಡಿದ. ನೆನಪಿಸಿಕೊಳ್ಳಲು ನಿಜವಾಗಿಯೂ ಕಷ್ಟಪಟ್ಟ. ಕೊನೆಗೆ, ಮನೆಗೆ ಬಂದ ಹಿರಿಯರಿಗೆ ಮಾಡುವಂತೆ ಕೈಯೆತ್ತಿ ಸಲಾಂ ಮಾಡಿದ.

"ನಿಂತೇ ಬಿಟ್ಟೀರಲ್ರೀ," ಎಂದ. "ಕೂಡ್ರಿ."